ವಿಐಪಿ ರಿಸೆಪ್ಟರ್‌ಗಳು ಮೆದುಳಿನಲ್ಲಿ ಎಲ್ಲೆಲ್ಲಿವೆ? ಒಂದು ನಕ್ಷೆಗೂ ಇನ್ನೊಂದಕ್ಕೂ ತಾಳೆ ಆಗ್ತಿಲ್ಲ

ಮೆದುಳುಮರಿ

ಎಲ್ಲರಿಗೂ ನಮಸ್ಕಾರ. ನರವಿಜ್ಞಾನದಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ. ಸೆಮಿನಾರ್‌ಗೆ ನನಗೆ ಬಂದಿರುವ ವಿಷಯ ವ್ಯಾಸೋಆಕ್ಟಿವ್ ಇಂಟೆಸ್ಟೈನಲ್ ಪೆಪ್ಟೈಡ್, ಅಂದ್ರೆ ವಿಐಪಿ. ಒಂದು ಸ್ಲೈಡಿನಲ್ಲಿ ಮೆದುಳಿನ ಚಿತ್ರ ಹಾಕಿ, ಇದರ ರಿಸೆಪ್ಟರ್ (ಪೆಪ್ಟೈಡ್ ಹೋಗಿ ಅಂಟುವ, ಕೋಶದ ಮೇಲಿನ ಪ್ರೋಟೀನ್) ಇರುವ ಜಾಗಕ್ಕೆಲ್ಲ ಬಣ್ಣ ತುಂಬಬೇಕು.

ತೊಂದರೆ ಏನಂದ್ರೆ, ಒಂದೊಂದು ಲೇಖನದಲ್ಲಿ ಒಂದೊಂದು ಥರದ ನಕ್ಷೆ ಇದೆ. ಒಂದರಲ್ಲಿ ಕಾರ್ಟೆಕ್ಸ್, ಅಂದ್ರೆ ಮೆದುಳಿನ ಹೊರಪದರ, ಪೂರ್ತಿ ಗಾಢ. ಇನ್ನೊಂದರಲ್ಲಿ ಥಲಾಮಸ್ ಜೋರು, ಕಾರ್ಟೆಕ್ಸ್ ಮಂಕು. ಮತ್ತೊಂದು ಕಡೆ ಹೈಪೊಥಲಾಮಸ್ಸಿನ ಒಂದು ಚುಕ್ಕೆ ಬಿಟ್ಟರೆ ಬೇರೆ ಮಾತೇ ಇಲ್ಲ. ಯಾವುದನ್ನು ನಂಬಲಿ?

ಜೊತೆಗೆ ಒಂದು ದಡ್ಡ ಪ್ರಶ್ನೆ. ಹೆಸರಲ್ಲೇ ಕರುಳು ಇದೆ. ಕರುಳಿನಲ್ಲಿ ಹುಟ್ಟಿದ ಪೆಪ್ಟೈಡ್ ಮೆದುಳಿನ ಈ ರಿಸೆಪ್ಟರ್‌ಗಳವರೆಗೆ ಹೋಗುತ್ತದಾ?

ಹೊಟ್ಟೆಡಾಕ್ಟ್ರು

ದಡ್ಡ ಪ್ರಶ್ನೆ ಏನಲ್ಲ. ಅದಕ್ಕೇ ಮೊದಲು ಉತ್ತರ ಹೇಳ್ತೀನಿ, ಮೆದುಳಿನ ವಿಷಯ ಬಲ್ಲವರು ಆಮೇಲೆ ಬರಲಿ.

ಕರುಳಿನ ಹೆಸರು ಬಂದಿದ್ದು ಅದು ಮೊದಲು ಸಿಕ್ಕ ಜಾಗದಿಂದ. 1970ರಲ್ಲಿ ಸಾಮಿ ಸಯೀದ್ ಮತ್ತು ವಿಕ್ಟರ್ ಮುಟ್ ಇದನ್ನು ಹಂದಿಯ ಸಣ್ಣ ಕರುಳಿನಿಂದ ಬೇರ್ಪಡಿಸಿದರು. 28 ಅಮೈನೋ ಆಮ್ಲಗಳ ಸರಪಳಿ. ರಕ್ತನಾಳ ಹಿಗ್ಗಿಸುವ ಶಕ್ತಿಯನ್ನೇ ಗುರುತಾಗಿ ಇಟ್ಟುಕೊಂಡು ಹುಡುಕಿದ್ದು. ಕೆಲವೇ ವರ್ಷಗಳಲ್ಲಿ ಅದೇ ಪೆಪ್ಟೈಡ್ ಮೆದುಳಿನಲ್ಲೂ ಇದೆ ಅಂತ ಗೊತ್ತಾಯಿತು. ಅಷ್ಟೇ ಅಲ್ಲ, ಕರುಳಿನಲ್ಲೂ ಇದನ್ನು ತಯಾರಿಸೋದು ಮುಖ್ಯವಾಗಿ ಅಲ್ಲಿನ ನರಕೋಶಗಳೇ.

ರಕ್ತಕ್ಕೆ ಬಿದ್ದ ವಿಐಪಿಯ ಆಯಸ್ಸು ಬಹಳ ಕಮ್ಮಿ. ಒಂದೆರಡು ನಿಮಿಷಕ್ಕೆ ಅರ್ಧ ಖಾಲಿ. ಹಾಗಾಗಿ ಮೆದುಳಿನ ಒಳಗಿನ ರಿಸೆಪ್ಟರ್‌ಗಳಿಗೆ ಸಿಗುವ ವಿಐಪಿ ಮೆದುಳೇ ತಯಾರಿಸಿಕೊಂಡದ್ದು ಅಂತ ಧೈರ್ಯವಾಗಿ ಬರೆಯಿರಿ.

ನಮ್ಮ ಕಡೆಯಿಂದ ಒಂದು ಉದಾಹರಣೆ: ವಿಐಪಿಯನ್ನು ಸುರಿಯುವ ಗಡ್ಡೆ ಇದೆ, ವಿಐಪೋಮ ಅಂತ. 1958ರಲ್ಲೇ ವರ್ನರ್ ಮತ್ತು ಮಾರಿಸನ್ ಈ ಕಾಯಿಲೆಯನ್ನು ವಿವರಿಸಿದ್ದರು, ಆಗಿನ್ನೂ ವಿಐಪಿಯ ಸುದ್ದಿಯೇ ಇರಲಿಲ್ಲ. ಲೀಟರ್‌ಗಟ್ಟಲೆ ನೀರು ನೀರಾದ ಭೇದಿ, ಪೊಟ್ಯಾಸಿಯಂ ಕುಸಿತ, ಮುಖ ಕೆಂಪಾಗುವುದು. ರಕ್ತದಲ್ಲಿ ವಿಐಪಿ ತುಂಬಿ ತುಳುಕುತ್ತಿದ್ದರೂ ಲಕ್ಷಣಗಳ ಪಟ್ಟಿಯಲ್ಲಿ ಹೊಟ್ಟೆ, ಚರ್ಮ, ಲವಣಗಳದ್ದೇ ಕಾರುಬಾರು.

ಹಳೇಫಿಲ್ಮ್

ಮರಿ, ನಕ್ಷೆಗಳು ಬೇರೆ ಬೇರೆ ಇರೋದಕ್ಕೆ ಕಾರಣ ಇದೆ. ಯಾವುದೂ ಸುಳ್ಳಲ್ಲ. ಒಂದೊಂದು ನಕ್ಷೆ ಒಂದೊಂದು ವಸ್ತುವನ್ನು ನೋಡಿದೆ. ಎಲ್ಲರೂ ಅದಕ್ಕೆ "ರಿಸೆಪ್ಟರ್ ಇರುವ ಜಾಗ" ಅಂತ ಒಂದೇ ಶೀರ್ಷಿಕೆ ಕೊಟ್ಟುಬಿಡ್ತಾರೆ, ಅಲ್ಲೇ ಗೊಂದಲ ಶುರು.

ಮೊದಲು ರಿಸೆಪ್ಟರ್‌ಗಳು ಯಾವುವು ಅಂತ ಸ್ಪಷ್ಟ ಮಾಡಿಕೊಳ್ಳಿ. ವಿಪ್ಯಾಕ್-1 ಮತ್ತು ವಿಪ್ಯಾಕ್-2. 1992, 1993ರಲ್ಲಿ ಇವುಗಳ ಜೀನ್‌ಗಳನ್ನು ಕ್ಲೋನ್ ಮಾಡಿದರು. ಎರಡಕ್ಕೂ ವಿಐಪಿ ಹೆಚ್ಚುಕಮ್ಮಿ ಒಂದೇ ಬಿಗಿಯಲ್ಲಿ ಅಂಟುತ್ತದೆ. ಅದರ ದಾಯಾದಿ ಪ್ಯಾಕ್ಯಾಪ್ ಅನ್ನೋ ಪೆಪ್ಟೈಡ್ ಕೂಡ ಅಷ್ಟೇ ಬಿಗಿಯಾಗಿ ಅಂಟುತ್ತದೆ. ಮೂರನೆಯದು ಪ್ಯಾಕ್-1. ಅದು ಪ್ಯಾಕ್ಯಾಪ್‌ನದ್ದೇ ಆಸ್ತಿ, ವಿಐಪಿಗೆ ಅಲ್ಲಿ ಹಿಡಿತ ನೂರಾರು ಪಟ್ಟು ಕಮ್ಮಿ. ಮೂರೂ ಒಂದೇ ಕುಟುಂಬ, ಮೂರೂ ಮುಖ್ಯವಾಗಿ ಜೀವಕೋಶದೊಳಗೆ ಸೈಕ್ಲಿಕ್ ಎಎಂಪಿ ಅನ್ನೋ ಸಂದೇಶವಾಹಕವನ್ನು ಏರಿಸುತ್ತವೆ. 1998ರಲ್ಲಿ ಈ ಹೆಸರುಗಳು ಅಧಿಕೃತವಾದವು. ಅದಕ್ಕಿಂತ ಹಳೇ ಲೇಖನ ಓದಿದರೆ ವಿಐಪಿ-1, ವಿಐಪಿ-2 ರಿಸೆಪ್ಟರ್, ಪ್ಯಾಕ್ಯಾಪ್ ಟೈಪ್-2 ಅಂತೆಲ್ಲ ಇರುತ್ತೆ. ತಲೆ ಕೆಡಿಸಿಕೊಳ್ಳಬೇಡಿ, ಅದೇ ಜನ ಬೇರೆ ಅಂಗಿ ಹಾಕಿದ್ದಾರೆ ಅಷ್ಟೇ.

ಈಗ ನಕ್ಷೆ. 80ರ ದಶಕದ ನಕ್ಷೆಗಳೆಲ್ಲ ಆಟೋರೇಡಿಯೋಗ್ರಫಿಯಿಂದ (ವಿಕಿರಣದ ಗುರುತನ್ನು ಫಿಲ್ಮಿನ ಮೇಲೆ ಹಿಡಿಯುವ ವಿಧಾನ) ಬಂದವು. ನಾನೂ ಆ ಕೆಲಸದಲ್ಲೇ ಬೆಳೆದವಳು, ಸ್ವಲ್ಪ ಉದ್ದ ಬರೆಯೋಕೆ ಬಿಡಿ.

ಇಲಿಯ ಮೆದುಳನ್ನು ಹೆಪ್ಪುಗಟ್ಟಿಸಿ, ಕ್ರಯೋಸ್ಟಾಟಿನಲ್ಲಿ 15–20 ಮೈಕ್ರಾನ್ ದಪ್ಪಕ್ಕೆ ಸವರಿ ಗಾಜಿನ ಸ್ಲೈಡ್ ಮೇಲೆ ಹಿಡಿಯಬೇಕು. ಆಮೇಲೆ ವಿಕಿರಣ ಸೂಸುವ ಅಯೋಡಿನ್-125 ಕೂರಿಸಿದ ವಿಐಪಿ ಇರುವ ದ್ರಾವಣದಲ್ಲಿ ನೆನೆಸಬೇಕು. ಪೆಪ್ಟೈಡು ಗಾಜಿಗೇ ಅಂಟಿಕೊಳ್ಳುತ್ತೆ ಅಂತ ಆಲ್ಬುಮಿನ್ ಸೇರಿಸಬೇಕು. ಅಂಗಾಂಶದಲ್ಲಿರುವ ಕಿಣ್ವಗಳು ಅದನ್ನು ತಿಂದು ಹಾಕ್ತವೆ ಅಂತ ಬ್ಯಾಸಿಟ್ರಾಸಿನ್ ಹಾಕಬೇಕು. ಪಕ್ಕದ ಇನ್ನೊಂದು ಸೆಕ್ಷನ್ನಿಗೆ ಇದೇ ದ್ರಾವಣ, ಜೊತೆಗೆ ವಿಕಿರಣ ಇಲ್ಲದ ವಿಐಪಿ ಬೇಕಾದಷ್ಟು. ಅಲ್ಲೂ ಕಪ್ಪು ಉಳಿದರೆ ಅದು ರಿಸೆಪ್ಟರ್ ಅಲ್ಲ, ಸುಮ್ನೆ ಅಂಟಿದ ಕೊಳೆ. ತಣ್ಣಗಿನ ಬಫರಿನಲ್ಲಿ ಬೇಗ ಬೇಗ ತೊಳೆದು, ಒಣಗಿಸಿ, ಕತ್ತಲ ಕೋಣೆಯಲ್ಲಿ ಫಿಲ್ಮಿಗೆ ಒತ್ತಿ ಕ್ಯಾಸೆಟ್ಟಿನಲ್ಲಿ ಮುಚ್ಚಿಡಬೇಕು. ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ. ತೊಳೆದದ್ದು ಜಾಸ್ತಿಯಾದರೆ ನಿಜವಾದ ಗುರುತೂ ಹೋಗುತ್ತೆ, ಕಮ್ಮಿಯಾದರೆ ಇಡೀ ಸ್ಲೈಡು ಮಸಿ.

ಈ ಫಿಲ್ಮ್ ನೋಡಿದರೆ ಕಾರ್ಟೆಕ್ಸ್, ಹಿಪೊಕ್ಯಾಂಪಸ್, ಥಲಾಮಸ್ಸಿನ ಹಲವು ಭಾಗ, ವಾಸನೆಯ ಬಲ್ಬು, ಹೈಪೊಥಲಾಮಸ್ಸಿನ ಎಸ್‌ಸಿಎನ್ (ನೀವು ಹೇಳಿದ ಆ ಚುಕ್ಕೆ) ಎಲ್ಲ ಕಪ್ಪಗೆ ಬರ್ತವೆ. ಆದರೆ ವಿಐಪಿ ಎರಡೂ ವಿಪ್ಯಾಕ್‌ಗಳಿಗೆ ಅಂಟುತ್ತೆ ಅಂದೆನಲ್ಲ? ಅಂದ್ರೆ ಫಿಲ್ಮ್ ಮೇಲಿನ ಕಪ್ಪು ಎರಡರ ಮೊತ್ತ. ಯಾವುದು ಯಾವುದರದ್ದು ಅಂತ ಆ ಕಪ್ಪು ಹೇಳೋದಿಲ್ಲ. ಒಂದಕ್ಕೆ ಮಾತ್ರ ಅಂಟುವ ಕೃತಕ ಪೆಪ್ಟೈಡ್‌ಗಳು ಆಮೇಲೆ ಬಂದವು. ಅವನ್ನು ಬಳಸಿ ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಿದ ಮೇಲೆ ಚಿತ್ರ ಬಿಡಿಸಿಕೊಂಡಿತು.

ಮೆದುಳುಮರಿ

ಮೇಡಂ, ತುಂಬಾ ಥ್ಯಾಂಕ್ಸ್. ಬಿಡಿಸಿಕೊಂಡ ಮೇಲೆ ಏನು ಕಂಡಿತು? ನನಗೆ ಬಣ್ಣ ತುಂಬೋದಕ್ಕೆ ಅದೇ ಬೇಕಿತ್ತು.

ಹಳೇಫಿಲ್ಮ್

ಇಲಿಯಲ್ಲಿ ಎರಡೂ ಒಂದನ್ನೊಂದು ತುಂಬಿಕೊಡುವ ಹಾಗೆ ಹಂಚಿಕೊಂಡಿವೆ. ವಿಪ್ಯಾಕ್-1 ಜಾಸ್ತಿ ಇರೋದು ಕಾರ್ಟೆಕ್ಸ್ ಮತ್ತು ಹಿಪೊಕ್ಯಾಂಪಸ್ಸಿನಲ್ಲಿ. ವಿಪ್ಯಾಕ್-2 ಥಲಾಮಸ್, ಎಸ್‌ಸಿಎನ್, ಹೈಪೊಥಲಾಮಸ್ಸಿನ ಇತರ ಕೆಲವು ಗುಂಪುಗಳು, ಅಮಿಗ್ಡಲಾದ ಕೇಂದ್ರ ಭಾಗ, ಮೆದುಳಿನ ಕಾಂಡದ ಕೆಲವೆಡೆ. ಹಿಪೊಕ್ಯಾಂಪಸ್ಸಿನಲ್ಲಿ ಎರಡೂ ಇವೆ. ವಾಸನೆಯ ಬಲ್ಬಿನಲ್ಲೂ ವಿಪ್ಯಾಕ್-2 ಇದೆ, ಇಲಿಯ ವಿಪ್ಯಾಕ್-2 ಜೀನ್ ಮೊದಲು ಕ್ಲೋನ್ ಆಗಿದ್ದೇ ಅಲ್ಲಿಂದ.

ಅಂದ್ರೆ ನಿಮ್ಮ "ಕಾರ್ಟೆಕ್ಸ್ ಗಾಢ" ನಕ್ಷೆ ವಿಪ್ಯಾಕ್-1ರದ್ದೋ ಅಥವಾ ಮೊತ್ತದ್ದೋ ಇರಬೇಕು. "ಥಲಾಮಸ್ ಜೋರು" ನಕ್ಷೆ ವಿಪ್ಯಾಕ್-2ರದ್ದು. ಚುಕ್ಕೆಯ ನಕ್ಷೆ ದೇಹದ ಗಡಿಯಾರದ ಮೇಲೆ ಕೆಲಸ ಮಾಡೋರದ್ದು, ಅವರಿಗೆ ಆ ಚುಕ್ಕೆ ಬಿಟ್ಟು ಪ್ರಪಂಚವೇ ಇಲ್ಲ :)

ಗಡಿಯಾರಪ್ರಿಯ

ಕರೆದ್ರಾ?

ಆ ಚುಕ್ಕೆಗೆ ಇಷ್ಟು ಮರ್ಯಾದೆ ಸುಮ್ನೆ ಸಿಕ್ಕಿಲ್ಲ ಮೇಡಂ. ಇಡೀ ಮೆದುಳಿನಲ್ಲಿ "ಇಲ್ಲಿ ರಿಸೆಪ್ಟರ್ ಇದೆ, ಅದು ಇಂಥ ಕೆಲಸ ಮಾಡುತ್ತೆ, ತೆಗೆದರೆ ಇಂಥದ್ದು ಕೆಡುತ್ತೆ" ಅಂತ ಮೂರನ್ನೂ ಒಟ್ಟಿಗೆ ಹೇಳೋಕೆ ಆಗೋದು ಎಸ್‌ಸಿಎನ್‌ನಲ್ಲಿ. ಉಳಿದ ಬಹುಪಾಲು ಕಡೆ ಇದೆ ಅನ್ನೋದು ಗೊತ್ತು, ಯಾಕಿದೆ ಅನ್ನೋದು ಅರೆಬರೆ.

ಎಸ್‌ಸಿಎನ್ ಅಂದ್ರೆ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್. ಎರಡು ಕಣ್ಣಿನ ನರಗಳು ಅಡ್ಡ ಹಾಯುವ ಜಾಗದ ಮೇಲೆ ಕೂತಿರುವ ಜೋಡಿ ಗುಂಪು. ಸಣ್ಣ ಇಲಿಯಲ್ಲಿ ಎರಡೂ ಬದಿ ಸೇರಿ ಸುಮಾರು 20,000 ನರಕೋಶ. ದೇಹದ ದಿನ-ರಾತ್ರಿ ಲಯದ ಮುಖ್ಯ ಗಡಿಯಾರ ಇದೇ. ಇದರ ಕೆಳಭಾಗದ ಕೋಶಗಳು ವಿಐಪಿ ತಯಾರಿಸುತ್ತವೆ. ಕಣ್ಣಿನ ಹಿಂಭಾಗದ ರೆಟಿನಾದಿಂದ ನೇರ ನರತಂತುಗಳು ಬಂದು ಮುಟ್ಟುವುದೂ ಅಲ್ಲಿಗೇ. ವಿಪ್ಯಾಕ್-2 ರಿಸೆಪ್ಟರ್ ಮಾತ್ರ ಕೆಳಗೆ ಮೇಲೆ ಎರಡೂ ಕಡೆ ಇದೆ. ಅಂದ್ರೆ ಬೆಳಕಿನ ಸುದ್ದಿ ಕೆಳಗೆ ಬಂದು ಬೀಳುತ್ತೆ, ವಿಐಪಿ ಅದನ್ನು ಇಡೀ ಗುಂಪಿಗೆ ಹರಡುತ್ತೆ.

ಇಲ್ಲಿನ ಒಂದೊಂದು ಕೋಶಕ್ಕೂ ಅದರದ್ದೇ ಗಡಿಯಾರ ಇದೆ, ಆದರೆ ಒಂದರದ್ದು ಸ್ವಲ್ಪ ಬೇಗ, ಇನ್ನೊಂದರದ್ದು ಸ್ವಲ್ಪ ನಿಧಾನ. ವಿಐಪಿ ಅವಕ್ಕೆಲ್ಲ ಶ್ರುತಿ ಹಿಡಿದ ಹಾಗೆ. 2002ರಲ್ಲಿ ವಿಪ್ಯಾಕ್-2 ಜೀನ್ ಇಲ್ಲದ ಇಲಿಗಳ ವರದಿ ಬಂತು. ಬೆಳಕು-ಕತ್ತಲೆ ಸರದಿಯಲ್ಲಿಟ್ಟರೆ ಅವು ಹೆಚ್ಚುಕಮ್ಮಿ ಸರಿಯಾಗಿಯೇ ಕಾಣ್ತವೆ, ಯಾಕಂದ್ರೆ ಬೆಳಕು ನೇರವಾಗಿ ಓಡಾಟ ನಿಲ್ಲಿಸುತ್ತೆ. ಪೂರ್ತಿ ಕತ್ತಲಲ್ಲಿ ಬಿಡಿ, ಬಣ್ಣ ಬಯಲಾಗುತ್ತೆ. ಚಕ್ರ ತಿರುಗಿಸೋದು ಹಲವು ಗಂಟೆ ಮೊದಲೇ ಶುರುವಾಗುತ್ತೆ, ಆಮೇಲೆ ಲಯವೇ ಮಸುಕಾಗುತ್ತೆ, ಕೆಲವದಕ್ಕೆ ಇರೋದೇ ಇಲ್ಲ.

2005ರಲ್ಲಿ ಕೋಶಗಳ ಮಟ್ಟದಲ್ಲೂ ಇದನ್ನು ತೋರಿಸಿದರು. ವಿಐಪಿ ಇಲ್ಲದ ಎಸ್‌ಸಿಎನ್‌ನಲ್ಲಿ ಬಹಳಷ್ಟು ಕೋಶಗಳು ಲಯ ಕಳೆದುಕೊಂಡಿದ್ದವು. ಲಯ ಉಳಿದವೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ವಿಪ್ಯಾಕ್-2 ಚಾಲೂ ಮಾಡುವ ಔಷಧಿಯನ್ನು ದಿನಕ್ಕೊಮ್ಮೆ ಕೊಟ್ಟಾಗ ಲಯವೂ ಬಂತು, ಹೊಂದಾಣಿಕೆಯೂ ಬಂತು.

ಡೇಟಾಭೂತ

> ಇಲ್ಲಿ ರಿಸೆಪ್ಟರ್ ಇದೆ

ಇದೆ ಅನ್ನೋದಕ್ಕೇ ಬರೋಣ. ಮೇಡಂ ಹೇಳಿದ ಎರಡನೇ ನಕ್ಷೆ, ಅಂದ್ರೆ ಇದು ವಿಪ್ಯಾಕ್-1, ಇದು ವಿಪ್ಯಾಕ್-2 ಅಂತ ಬೇರ್ಪಡಿಸಿದ್ದು, ಬಹುಮಟ್ಟಿಗೆ ಎಂಆರ್‌ಎನ್‌ಎ ನಕ್ಷೆ. ಅಂದ್ರೆ ಜೀನಿನ ಆದೇಶ ಹೊತ್ತ ಆ ಅಣುವನ್ನು ಅಂಗಾಂಶದಲ್ಲೇ ಗುರುತಿಸುವ ಇನ್ ಸಿಟು ಹೈಬ್ರಿಡೈಸೇಷನ್. ಈಗ ಒಂಟಿ ಕೋಶದ ಸೀಕ್ವೆನ್ಸಿಂಗ್ ಇದೆ, ನಾನು ಅದರಲ್ಲೇ ಮುಳುಗಿರೋದು. ಇವೆಲ್ಲ ಹೇಳೋದು ಒಂದೇ: ಈ ಕೋಶ ಆ ರಿಸೆಪ್ಟರ್ ತಯಾರಿಸಲು ಆರ್ಡರ್ ಕೊಟ್ಟಿದೆ. ತಯಾರಾದ ಪ್ರೋಟೀನ್ ಎಲ್ಲಿಗೆ ಹೋಯಿತು ಅಂತ ಹೇಳೋದಿಲ್ಲ. ಎಂಆರ್‌ಎನ್‌ಎ ಬಹುಪಾಲು ಕೋಶದ ಒಡಲಿನಲ್ಲಿ ಇರುತ್ತೆ. ರಿಸೆಪ್ಟರ್ ಮಾತ್ರ ಆಕ್ಸಾನ್ (ಕೋಶದ ಉದ್ದನೆಯ ತಂತು) ಹಿಡಿದು ಎಷ್ಟೋ ಮಿಲಿಮೀಟರ್ ದೂರದ ತುದಿಯಲ್ಲಿ ಕೂತಿರಬಹುದು.

ಹಾಗಾಗಿ ಥಲಾಮಸ್ಸಿನಲ್ಲಿ ಎಂಆರ್‌ಎನ್‌ಎ ಇದ್ದು ಕಾರ್ಟೆಕ್ಸಿನಲ್ಲಿ ಫಿಲ್ಮ್ ಕಪ್ಪಾಗಿದ್ದರೆ, ಆ ಕಪ್ಪಿನ ಒಂದು ಪಾಲು ಥಲಾಮಸ್ಸಿನಿಂದ ಬಂದ ತಂತುಗಳ ಮೇಲಿನದ್ದೂ ಇರಬಹುದು. ನಕ್ಷೆಗಳ ಜಗಳದಲ್ಲಿ ಅರ್ಧಕ್ಕರ್ಧ ಇಂಥದ್ದೇ.

ಹಳೇಫಿಲ್ಮ್

ಒಪ್ಪಿದೆ. ಆದರೆ ಥಲಾಮಸ್ಸಿನ ಒಳಗೇ ಅಂಟಿಕೊಳ್ಳುವ ಜಾಗಗಳಿವೆ, ಎಲ್ಲವೂ ರಫ್ತು ಆಗೋದಿಲ್ಲ. ಥಲಾಮಸ್ಸಿನ ರಿಲೇ ಕೋಶಗಳಿಗೆ ವಿಐಪಿ ಹಾಕಿದರೆ ವೋಲ್ಟೇಜ್ ಮೇಲಕ್ಕೆ ಏರೋದನ್ನು ನೇರವಾಗಿ ಅಳೆದಿದ್ದಾರೆ.

ಸುಮ್ನೆಓದುಗ

ಪ್ರೋಟೀನೇ ಬೇಕಿದ್ದರೆ ಆಂಟಿಬಾಡಿ ಹಾಕಿ ನೋಡಿದರೆ ಮುಗೀತಲ್ವಾ? ಇಷ್ಟೊಂದು ಸುತ್ತು ಯಾಕೆ?

ಡೇಟಾಭೂತ

ಹ್ಹೆ ಹ್ಹೆ. ಮುಗಿಯಲ್ಲ ಗುರುವೇ, ಅಲ್ಲಿಂದ ಶುರು.

ಈ ಜಾತಿಯ ರಿಸೆಪ್ಟರ್‌ಗಳಿಗೆ ಮಾರುಕಟ್ಟೆಯಲ್ಲಿ ಸಿಗುವ ಆಂಟಿಬಾಡಿಗಳಲ್ಲಿ ಹಲವು ಬೇರೆ ಪ್ರೋಟೀನುಗಳಿಗೂ ಹೋಗಿ ಅಂಟುತ್ತವೆ. ಪರೀಕ್ಷೆ ಸರಳ: ಆ ಜೀನ್ ಇಲ್ಲದ ಪ್ರಾಣಿಯ ಮೆದುಳಿನ ಮೇಲೂ ಅದೇ ಆಂಟಿಬಾಡಿ ಹಾಕಿ. ಅಲ್ಲೂ ಚೆಂದವಾಗಿ ಬಣ್ಣ ಬಂದರೆ ಆ ಬಾಟಲು ಕಸದ ಬುಟ್ಟಿಗೆ. ಎಷ್ಟೋ ಚಿತ್ರಗಳ ಜೊತೆ ಈ ಪರೀಕ್ಷೆಯೇ ಇರುವುದಿಲ್ಲ. ಮರಿ, ಆಂಟಿಬಾಡಿ ಚಿತ್ರ ಸ್ಲೈಡಿಗೆ ಹಾಕುವುದಾದರೆ ಮೊದಲು ಜೀನ್ ಇಲ್ಲದ ಪ್ರಾಣಿಯ ಹೋಲಿಕೆ ಇದೆಯಾ ನೋಡಿ.

ಮೆದುಳುಮರಿ

ಇಲ್ಲೊಂದು ಅನುಮಾನ. ಕಾರ್ಟೆಕ್ಸಿನ ವಿಐಪಿ ನರಕೋಶಗಳ ಮೇಲೆ ರಾಶಿ ಲೇಖನ ಇವೆ. ಅವು ಬೇರೆ ತಡೆ-ಕೋಶಗಳನ್ನು ತಡೆದು, ದೊಡ್ಡ ಕೋಶಗಳ ಮೇಲಿನ ಬಿಗಿ ಸಡಿಲಿಸುತ್ತವೆ ಅಂತ. ಅದನ್ನೇ ಕಾರ್ಟೆಕ್ಸಿನ ವಿಪ್ಯಾಕ್-1 ಕೆಲಸ ಅಂತ ಹೇಳಬಹುದಾ?

ಡೇಟಾಭೂತ

ಬೇಡ. ದಯವಿಟ್ಟು ಬೇಡ. ಸೆಮಿನಾರ್‌ನಲ್ಲಿ ಯಾರಾದರೂ ಹಿಡಿದುಕೊಳ್ತಾರೆ.

ಆ ಲೇಖನಗಳಲ್ಲಿ ವಿಐಪಿ ಅನ್ನೋದು ಕೋಶವನ್ನು ಗುರುತಿಸೋ ಚೀಟಿ ಮಾತ್ರ. ಆ ಕೋಶಗಳು ಗಾಬಾ ಅನ್ನೋ ತಡೆಯುವ ರಾಸಾಯನಿಕ ಬಿಡುತ್ತವೆ. ಸೊಮ್ಯಾಟೊಸ್ಟಾಟಿನ್ ಇರುವ ತಡೆ-ಕೋಶಗಳನ್ನು ಅವು ಬೇಗ ಬೇಗ ತಡೆಯೋದು ಗಾಬಾದಿಂದ, ಮಿಲಿಸೆಕೆಂಡುಗಳ ಲೆಕ್ಕದಲ್ಲಿ. ಪೆಪ್ಟೈಡ್ ಬೇರೆ ಚೀಲದಲ್ಲಿ ಇರುತ್ತೆ. ಅದು ಹೊರಬರಬೇಕಾದರೆ ಕೋಶ ಸಾಮಾನ್ಯವಾಗಿ ಜೋರಾಗಿ, ಒಂದೇ ಸಮನೆ ಹೊಡೆಯಬೇಕು. ಬಂದ ಮೇಲೂ ಕೆಲಸ ನಿಧಾನ, ಸೆಕೆಂಡು ನಿಮಿಷಗಳ ಲೆಕ್ಕ. ವಿಪ್ಯಾಕ್ ರಿಸೆಪ್ಟರ್ ಸಂಬಂಧಪಡೋದು ಈ ಎರಡನೆಯದಕ್ಕೆ.

ಹಳೇಫಿಲ್ಮ್

ಕಾರ್ಟೆಕ್ಸಿನಲ್ಲಿ ಪೆಪ್ಟೈಡಿನದ್ದೇ ಕೆಲಸ ಬೇಕಿದ್ದರೆ ಹಳೇ ಮತ್ತು ಚೆಂದದ ಉದಾಹರಣೆ ಇದೆ. 1981ರಲ್ಲಿ ಪಿಯರ್ ಮ್ಯಾಜಿಸ್ಟ್ರೆಟ್ಟಿ ಮತ್ತು ಸಂಗಡಿಗರು ಕಾರ್ಟೆಕ್ಸಿನ ಚೂರುಗಳಿಗೆ ವಿಐಪಿ ಹಾಕಿದರು. ಅಲ್ಲಿ ಕೂಡಿಟ್ಟ ಗ್ಲೈಕೊಜನ್ (ಸಕ್ಕರೆಯ ದಾಸ್ತಾನು) ಒಡೆಯತೊಡಗಿತು. ಮೆದುಳಿನಲ್ಲಿ ಗ್ಲೈಕೊಜನ್ ಇರೋದು ಮುಖ್ಯವಾಗಿ ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೊಸೈಟ್‌ಗಳಲ್ಲಿ, ನರಕೋಶಗಳಲ್ಲಿ ಅಲ್ಲ. ಬೆಳೆಸಿದ ಆಸ್ಟ್ರೊಸೈಟ್‌ಗಳ ಮೇಲೂ ಇದೇ ಪರಿಣಾಮ ಸಿಕ್ಕಿತು. ಅಂದ್ರೆ ರಿಸೆಪ್ಟರ್ ಅವುಗಳ ಮೈಮೇಲೂ ಇದೆ.

ಕಾರ್ಟೆಕ್ಸಿನ ವಿಐಪಿ ಕೋಶಗಳ ಆಕಾರ ನೋಡಿದ್ದೀರಾ? ಎರಡು ತುದಿಯ ಕೋಶಗಳು, ಮೇಲಿಂದ ಕೆಳಗೆ ಉದ್ದಕ್ಕೆ ಚಾಚಿಕೊಂಡಿರ್ತವೆ, ಅಕ್ಕಪಕ್ಕಕ್ಕೆ ಕಮ್ಮಿ. ಹಾಗಾಗಿ ಒಂದು ಕೋಶ ಬಿಟ್ಟ ಪೆಪ್ಟೈಡ್ ಕಿರಿದಾದ ಒಂದು ಕಂಬದಷ್ಟು ಜಾಗದಲ್ಲಿ ಸಕ್ಕರೆ ಬಿಡುಗಡೆ ಮಾಡಿಸಬಹುದು ಅನ್ನೋದು ಅವರ ವಾದವಾಗಿತ್ತು. ನೊರಾಡ್ರಿನಲಿನ್ ಕೂಡ ಗ್ಲೈಕೊಜನ್ ಒಡೆಸುತ್ತೆ, ಆದರೆ ಅದರ ತಂತುಗಳು ಅಡ್ಡಕ್ಕೆ ದೂರ ದೂರ ಹರಿದಿವೆ. ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ನನಗೆ ಈ ವಾದ ಇವತ್ತಿಗೂ ಇಷ್ಟ.

ಬರೀ ನರಕೋಶಗಳಿಗೆ ಬಣ್ಣ ತುಂಬಿದರೆ ಈ ಕಥೆ ತಪ್ಪಿಹೋಗುತ್ತೆ ನೋಡಿ. ಫಿಲ್ಮಿನ ಮೇಲಿನ ಕಪ್ಪು ನರಕೋಶದ್ದೋ, ಆಸ್ಟ್ರೊಸೈಟಿನದ್ದೋ, ರಕ್ತನಾಳದ್ದೋ ಅಂತ ಫಿಲ್ಮಿಗೆ ಗೊತ್ತಿಲ್ಲ.

ತಲೆನೋವುಜೀವಿ

ರಕ್ತನಾಳ ಅಂದ ಕೂಡಲೇ ಕಿವಿ ನಿಮಿರಿತು. ನಾನು ವಿಜ್ಞಾನದವಳಲ್ಲ, ಮೈಗ್ರೇನ್ ಇರೋಳು. ನಾಳ ಹಿಗ್ಗಿಸೋ ಪೆಪ್ಟೈಡು, ಮೆದುಳಿನ ನಾಳದಲ್ಲಿ ಅದರ ರಿಸೆಪ್ಟರು. ಹಾಗಾದ್ರೆ ಇದೇ ನಮ್ಮ ಶತ್ರುವಾ?

ಹೊಟ್ಟೆಡಾಕ್ಟ್ರು

ನನ್ನ ಕ್ಷೇತ್ರ ಅಲ್ಲ, ಆದರೂ ಓದಿದ್ದೀನಿ. ಮೆದುಳಿನ ನಾಳಗಳ ಸುತ್ತ ವಿಐಪಿ ಇರುವ ನರತಂತುಗಳಿವೆ. ಮೂಗಿನ ಹಿಂದೆ ಆಳದಲ್ಲಿರುವ ಸ್ಫೀನೊಪ್ಯಾಲಟೈನ್ ಗ್ಯಾಂಗ್ಲಿಯನ್ ಅನ್ನೋ ನರಕೋಶಗಳ ಗುಂಪಿನಿಂದ ಅವು ಬರ್ತವೆ. ನಾಳದ ಗೋಡೆಯ ಸ್ನಾಯುವಿನ ಮೇಲೆ ರಿಸೆಪ್ಟರ್ ಇದೆ, ವಿಐಪಿ ಬಿದ್ದರೆ ಸ್ನಾಯು ಸಡಿಲವಾಗಿ ನಾಳ ಹಿಗ್ಗುತ್ತೆ.

ಆದರೆ ಹಿಗ್ಗಿದ್ದಕ್ಕೇ ಮೈಗ್ರೇನ್ ಬರುತ್ತೆ ಅಂತಿಲ್ಲ. ಮೈಗ್ರೇನ್ ಇರುವವರಿಗೆ ವಿಐಪಿಯನ್ನು 20 ನಿಮಿಷ ರಕ್ತನಾಳದ ಮೂಲಕ ಕೊಟ್ಟು ನೋಡಿದರು. ನಾಳ ಹಿಗ್ಗಿತು, ಮುಖ ಕೆಂಪಾಯಿತು, ಮೈಗ್ರೇನ್ ಮಾತ್ರ ಅಷ್ಟಾಗಿ ಬರಲಿಲ್ಲ. ಪ್ಯಾಕ್ಯಾಪ್ ಕೊಟ್ಟಾಗ ಬಂತು. ಹಾಗಾದ್ರೆ ಪ್ಯಾಕ್-1 ರಿಸೆಪ್ಟರ್ರೇ ಕಾರಣ ಅಂತ ಎಲ್ಲರೂ ಅದರ ಹಿಂದೆ ಬಿದ್ದರು. ಆಮೇಲೆ 2021ರಲ್ಲಿ ವಿಐಪಿಯನ್ನು ಎರಡು ಗಂಟೆ ಕೊಟ್ಟರೆ ಅದೂ ಮೈಗ್ರೇನ್ ತರಿಸುತ್ತೆ ಅಂತ ವರದಿ ಬಂತು! ನಾಳ ಎಷ್ಟು ಹೊತ್ತು ಹಿಗ್ಗಿರುತ್ತೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ ಅಂತಾಯ್ತು.

ಔಷಧಿ ಕಡೆ: ಪ್ಯಾಕ್-1 ರಿಸೆಪ್ಟರನ್ನು ಮುಚ್ಚುವ ಒಂದು ಆಂಟಿಬಾಡಿ ಪ್ರಯೋಗದಲ್ಲಿ ಪ್ಲಸೀಬೊಗಿಂತ ಮೇಲಾಗಲಿಲ್ಲ. ಪ್ಯಾಕ್ಯಾಪನ್ನೇ ಹಿಡಿದು ಕಟ್ಟಿಹಾಕುವ ಇನ್ನೊಂದು ಆಂಟಿಬಾಡಿ 2023ರಲ್ಲಿ ಪ್ರಕಟವಾದ ಎರಡನೇ ಹಂತದ ಪ್ರಯೋಗದಲ್ಲಿ ಮೈಗ್ರೇನ್ ದಿನಗಳನ್ನು ಕಮ್ಮಿ ಮಾಡಿತು. ಪ್ಯಾಕ್ಯಾಪ್ ಮೂರೂ ರಿಸೆಪ್ಟರ್‌ಗಳಿಗೆ ಅಂಟುತ್ತೆ ಅಂತ ನೆನಪಿದ್ದರೆ ಈ ವ್ಯತ್ಯಾಸ ಅಷ್ಟು ವಿಚಿತ್ರ ಅನ್ನಿಸೋದಿಲ್ಲ. ಒಂದು ಬಾಗಿಲು ಹಾಕಿದರೆ ಉಳಿದ ಎರಡು ತೆರೆದೇ ಇರ್ತವೆ. ನಿಮ್ಮ ಈಗಿನ ಮಾತ್ರೆ ಬದಲಾಯಿಸೋ ವಿಷಯ ಏನಿದ್ದರೂ ನಿಮ್ಮನ್ನು ನೋಡುವ ವೈದ್ಯರ ಹತ್ತಿರವೇ ಮಾತಾಡಿ.

ತಲೆನೋವುಜೀವಿ

ಇಲ್ಲ ಇಲ್ಲ, ಮಾತ್ರೆ ತಂಟೆಗೆ ಹೋಗಲ್ಲ. ಅರ್ಥ ಆಯ್ತು ಡಾಕ್ಟ್ರೇ, ಥ್ಯಾಂಕ್ಸ್.

ಸುಮ್ನೆಓದುಗ

ಇನ್ನೊಂದು ಕೇಳ್ತೀನಿ, ಬೈಬೇಡಿ. ಆಂಜಿಯೊಟೆನ್ಸಿನ್ ಕೂಡ ನಾಳದ ಮೇಲೆ ಕೆಲಸ ಮಾಡೋ ಪೆಪ್ಟೈಡೇ ಅಲ್ವಾ? ಅದರ ರಿಸೆಪ್ಟರ್ರೂ ಮೆದುಳಲ್ಲಿದೆ ಅಂತ ಕೇಳಿದ್ದೆ. ಅದೂ ರಕ್ತದಿಂದ ಒಳಗೆ ಹೋಗಲ್ವಾ ಹಾಗಾದ್ರೆ?

ಹಳೇಫಿಲ್ಮ್

ಬೈಯೋದು ಯಾಕೆ, ಒಳ್ಳೇ ಪ್ರಶ್ನೆ. ಆಂಜಿಯೊಟೆನ್ಸಿನ್-2 ಕಥೆ ಉಲ್ಟಾ. ಅಲ್ಲಿ ರಕ್ತದಲ್ಲಿರುವುದೇ ಮೆದುಳಿನ ಜೊತೆ ಮಾತಾಡುತ್ತೆ. ರಕ್ತ-ಮೆದುಳಿನ ತಡೆಗೋಡೆಯನ್ನು ದಾಟಿ ಅಲ್ಲ. ಗೋಡೆಯೇ ಸಡಿಲ ಇರುವ ಕೆಲವು ಜಾಗಗಳಿವೆ, ಸಬ್‌ಫಾರ್ನಿಕಲ್ ಅಂಗ ಅದರಲ್ಲೊಂದು. ಅಲ್ಲಿ ಆಂಜಿಯೊಟೆನ್ಸಿನ್ ಅಂಟುವ ಎಟಿ-1 ರಿಸೆಪ್ಟರ್ ದಟ್ಟವಾಗಿದೆ. ಇಲಿಯ ಆ ಜಾಗಕ್ಕೆ ಅತಿ ಕಮ್ಮಿ ಪ್ರಮಾಣದ ಆಂಜಿಯೊಟೆನ್ಸಿನ್ ಮುಟ್ಟಿಸಿದರೂ ನೀರು ಕುಡಿಯೋಕೆ ಶುರು ಮಾಡುತ್ತೆ. ರಕ್ತದ ಪ್ರಮಾಣ ಕುಸಿದಾಗ ಬಾಯಾರಿಕೆ ಹುಟ್ಟೋದರಲ್ಲಿ ಇದರ ಕೈವಾಡ ಇದೆ.

ಆಮೇಲೆ ಗೋಡೆಯ ಒಳಗೆ, ಹೈಪೊಥಲಾಮಸ್ಸಿನ ಪ್ಯಾರಾವೆಂಟ್ರಿಕ್ಯುಲರ್ ಗುಂಪಿನಲ್ಲಿ, ಮೆದುಳಿನ ಕಾಂಡದಲ್ಲಿ ರಕ್ತದೊತ್ತಡ ನೋಡಿಕೊಳ್ಳುವ ಜಾಗಗಳಲ್ಲಿ ಕೂಡ ಎಟಿ-1 ಇದೆ. ಅದರ ನಕ್ಷೆ ನೋಡಿದರೆ ನೀರು, ಉಪ್ಪು, ಒತ್ತಡ ಅಂತ ಒಂದೇ ಕಥೆ ಓದಬಹುದು. ವಿಐಪಿ ನಕ್ಷೆಯಲ್ಲಿ ಹಾಗೆ ಒಂದು ಕಥೆ ಸಿಗಲ್ಲ. ಗಡಿಯಾರ, ವಾಸನೆ, ಗ್ಲೈಕೊಜನ್, ನೆನಪು, ಎಲ್ಲ ಕಲಸುಮೇಲೋಗರ.

ಗಡಿಯಾರಪ್ರಿಯ

ಆ ಕಲಸುಮೇಲೋಗರಕ್ಕೆ ಇನ್ನೊಂದು ಕಾರಣ, ವಿಐಪಿ ಇರುವ ಜಾಗ ಮತ್ತು ಅದರ ರಿಸೆಪ್ಟರ್ ಇರುವ ಜಾಗ ಒಂದೇ ಆಗಿಲ್ಲ. ಥಲಾಮಸ್ಸನ್ನೇ ತಗೊಳ್ಳಿ. ವಿಪ್ಯಾಕ್-2 ಧಾರಾಳ, ವಿಐಪಿ ಮಾತ್ರ ಅಲ್ಪಸ್ವಲ್ಪ. ಪೆಪ್ಟೈಡ್‌ಗಳಲ್ಲಿ ಇದು ಹೊಸದೇನಲ್ಲ. ಅವು ಸಿನಾಪ್ಸಿನ ಸಂದಿಯಲ್ಲೇ ಕೆಲಸ ಮುಗಿಸಬೇಕು ಅಂತಿಲ್ಲ, ಸುತ್ತಲಿನ ದ್ರವದಲ್ಲಿ ಸ್ವಲ್ಪ ದೂರ ಹರಡ್ತವೆ. ಮೇಲಾಗಿ ಆ ರಿಸೆಪ್ಟರ್ ಪ್ಯಾಕ್ಯಾಪ್‌ಗೂ ಸೇರಿದ್ದು. ರಿಸೆಪ್ಟರ್ ಕಂಡ ಕಡೆಯಲ್ಲೆಲ್ಲ ವಿಐಪಿ ಹೆಸರು ಬರೆದರೆ ಪ್ಯಾಕ್ಯಾಪ್‌ಗೆ ಅನ್ಯಾಯ.

ಎಸ್‌ಸಿಎನ್‌ನಲ್ಲೂ ಅಷ್ಟೇ. ರೆಟಿನಾದಿಂದ ಬರುವ ತಂತುಗಳು ಗ್ಲುಟಮೇಟ್ ಜೊತೆ ಪ್ಯಾಕ್ಯಾಪನ್ನೂ ಬಿಡ್ತವೆ. ಅಲ್ಲಿ ಪ್ಯಾಕ್-1 ಕೂಡ ಇದೆ. ಬೆಳಕಿನ ಸುದ್ದಿ ಒಳಗೆ ತರೋದರಲ್ಲಿ ಪ್ಯಾಕ್ಯಾಪ್, ಒಳಗೆ ಹಂಚೋದರಲ್ಲಿ ವಿಐಪಿ ಅಂತ ಸ್ಥೂಲವಾಗಿ ಹೇಳಬಹುದು.

ಹಾಂ, ವಿಐಪಿ ಜಾಸ್ತಿಯಾದರೆ ಶ್ರುತಿ ಇನ್ನೂ ಚೆನ್ನಾಗಿ ಕೂಡುತ್ತೆ ಅಂದ್ಕೋಬೇಡಿ. 2013ರಲ್ಲಿ ಬಂದ ಕೆಲಸದ ಪ್ರಕಾರ, ತುಂಬಾ ಹಾಕಿದರೆ ಕೋಶಗಳು ಚೆಲ್ಲಾಪಿಲ್ಲಿ ಆಗ್ತವೆ. ತಮಾಷೆ ಅಂದ್ರೆ, ಹಾಗೆ ಚೆಲ್ಲಾಪಿಲ್ಲಿ ಆದ ಗಡಿಯಾರ ಹೊಸ ಬೆಳಕಿನ ವೇಳಾಪಟ್ಟಿಗೆ ಬೇಗ ಹೊಂದಿಕೊಂಡಿತು. ವಿಪ್ಯಾಕ್-2 ಹೆಚ್ಚಾಗಿ ತಯಾರಿಸುವ ಹಾಗೆ ಮಾಡಿದ ಇಲಿಗಳೂ ಬದಲಾದ ವೇಳೆಗೆ ಬೇಗ ಒಗ್ಗಿದ್ದವು.

ಮೆದುಳುಮರಿ

ಇಷ್ಟೂ ಇಲಿಗಳದ್ದೇ ಆಯ್ತು. ಮನುಷ್ಯರ ಮೆದುಳಿಗೆ ಇದನ್ನೇ ಅಂಟಿಸಬಹುದಾ? ಗೈಡ್ ಸರ್ ಖಂಡಿತ ಕೇಳ್ತಾರೆ.

ಡೇಟಾಭೂತ

ಪೂರ್ತಿ ಅಂಟಿಸೋಕೆ ಹೋಗಬೇಡಿ. ಮನುಷ್ಯರ ಕಾರ್ಟೆಕ್ಸಿನಲ್ಲಿ ವಿಐಪಿ ಅಂಟುವ ಜಾಗಗಳಿವೆ, ಹಿಪೊಕ್ಯಾಂಪಸ್ಸಿನಲ್ಲಿವೆ, ಎಸ್‌ಸಿಎನ್‌ನಲ್ಲಿ ವಿಐಪಿ ಕೋಶಗಳಿವೆ. ದೊಡ್ಡ ರೂಪುರೇಷೆ ಒಂದೇ. ಆದರೆ ಯಾವ ಪದರದಲ್ಲಿ ಎಷ್ಟು, ವಿಪ್ಯಾಕ್-1 ಎಷ್ಟು, ವಿಪ್ಯಾಕ್-2 ಎಷ್ಟು ಅನ್ನೋ ಅನುಪಾತ ಇಲಿಯದ್ದೇ ಅಂತ ಇಟ್ಟುಕೊಳ್ಳೋಕೆ ಬರಲ್ಲ. ಮನುಷ್ಯರ ಮೆದುಳು ಸಿಗೋದು ಸತ್ತ ಮೇಲೆ. ಎಷ್ಟು ಗಂಟೆ ಕಳೆದಿತ್ತು, ಹೇಗೆ ಶೀತಲೀಕರಿಸಿದ್ದರು, ವಯಸ್ಸೆಷ್ಟು, ಕೊನೆಯಲ್ಲಿ ಯಾವ ಔಷಧಿ ನಡೀತಿತ್ತು, ಎಲ್ಲವೂ ಎಂಆರ್‌ಎನ್‌ಎ ಮೇಲೂ ಅಂಟುವ ಜಾಗಗಳ ಮೇಲೂ ಪ್ರಭಾವ ಬೀರುತ್ತೆ.

ಮನುಷ್ಯರ ಕಡೆಯಿಂದ ಜೀನ್ ವಿಷಯ ಒಂದು ಸೇರಿಸಬಹುದು. ವಿಪ್ಯಾಕ್-2ರ ಜೀನ್ ಏಳನೇ ಕ್ರೋಮೋಸೋಮಿನ ಉದ್ದ ತೋಳಿನ ತುದಿಯಲ್ಲಿದೆ, 7ಕ್ಯು36 ಭಾಗ. 2011ರಲ್ಲಿ ಆ ಭಾಗ ಇಮ್ಮಡಿಯಾಗಿರುವುದು ಸ್ಕಿಜೊಫ್ರೀನಿಯಾ ಇರುವ ಕೆಲವರಲ್ಲಿ ಹೆಚ್ಚು ಕಾಣುತ್ತೆ ಅಂತ ಪ್ರಕಟವಾಯಿತು. ಎಲ್ಲ ಕಡೆ ಅದೇ ಫಲಿತಾಂಶ ಬರಲಿಲ್ಲ, ಅದನ್ನೂ ಜೊತೆಗೇ ಹೇಳಿಬಿಡಿ. ಅದೇ ವರ್ಷ ಪ್ಯಾಕ್-1ರ ಜೀನಿನ ಒಂದು ಬದಲಾವಣೆಗೂ ಮಹಿಳೆಯರಲ್ಲಿ ಆಘಾತದ ನಂತರದ ಒತ್ತಡದ ಕಾಯಿಲೆಗೂ ನಂಟಿದೆ ಅಂತ ಇನ್ನೊಂದು ಲೇಖನ ಬಂತು. ಆದರೆ ಅದು ನಿಮ್ಮ ಸ್ಲೈಡಿನ ಆಚೆಗಿನ ಮಾತು.

ಹೊಟ್ಟೆಡಾಕ್ಟ್ರು

ಪಿಟ್ಯುಟರಿ, ಪೀನಿಯಲ್ ಗ್ರಂಥಿಗಳನ್ನು ಬಿಟ್ಟುಬಿಟ್ರಲ್ಲ ಎಲ್ಲರೂ! ವಿಐಪಿ ಪಿಟ್ಯುಟರಿಯಿಂದ ಪ್ರೊಲ್ಯಾಕ್ಟಿನ್ ಹಾರ್ಮೋನ್ ಹೊರಬರುವಂತೆ ಮಾಡುತ್ತೆ. ಹಕ್ಕಿಗಳಲ್ಲಂತೂ ಪ್ರೊಲ್ಯಾಕ್ಟಿನ್ ಬಿಡುಗಡೆಗೆ ಮುಖ್ಯ ಆಜ್ಞೆಯೇ ವಿಐಪಿ, ಮೊಟ್ಟೆಗೆ ಕಾವು ಕೊಡುವ ನಡವಳಿಕೆಗೂ ಅದಕ್ಕೂ ನೇರ ಸಂಬಂಧ. ಪೀನಿಯಲ್ಲಿನಲ್ಲಿ ವಿಐಪಿ ಮೆಲಟೊನಿನ್ ತಯಾರಿಕೆಯನ್ನು ಏರಿಸುತ್ತೆ.

ಹಳೇಫಿಲ್ಮ್

ಸರಿ ಡಾಕ್ಟ್ರೇ, ಪೀನಿಯಲ್ ಫಿಲ್ಮಿನ ಮೇಲೂ ಚೆನ್ನಾಗಿ ಕಾಣುತ್ತೆ.

ಮೆದುಳುಮರಿ

ಕೊನೆಯ ಪ್ರಶ್ನೆ. ನನ್ನ ಹತ್ತಿರ ಇರೋದು ಮಧ್ಯಕ್ಕೆ ಸೀಳಿದ ಉದ್ದದ ಚಿತ್ರ. ಅದರಲ್ಲೇ ಎಲ್ಲ ತೋರಿಸಲಾ? ಬಣ್ಣ ಎಷ್ಟು ಇಡಲಿ?

ಹಳೇಫಿಲ್ಮ್

ಉದ್ದದ ಸೀಳು ಬೇಡ. ಅದರಲ್ಲಿ ಹಿಪೊಕ್ಯಾಂಪಸ್ಸೂ ಅಮಿಗ್ಡಲಾನೂ ಸಿಗಲ್ಲ, ಎರಡೂ ಪಕ್ಕಕ್ಕೆ ಇರ್ತವೆ. ಅಡ್ಡ ಸೀಳಿನ ಎರಡು ಚಿತ್ರ ತಗೊಳ್ಳಿ. ಇಲಿಯಲ್ಲಿ ಬ್ರೆಗ್ಮಾದಿಂದ (ತಲೆಬುರುಡೆಯ ಮೇಲೆ ಅಳತೆಗೆ ಇಟ್ಟುಕೊಳ್ಳುವ ಬಿಂದು) ಸುಮಾರು 1 ಮಿಲಿಮೀಟರ್ ಹಿಂದೆ ಒಂದು, ಅಲ್ಲಿ ಎಸ್‌ಸಿಎನ್ ಸಿಗುತ್ತೆ. ಸುಮಾರು 3 ಮಿಲಿಮೀಟರ್ ಹಿಂದೆ ಇನ್ನೊಂದು. ಅದೊಂದರಲ್ಲೇ ಕಾರ್ಟೆಕ್ಸ್, ಹಿಪೊಕ್ಯಾಂಪಸ್, ಥಲಾಮಸ್, ಅಮಿಗ್ಡಲಾ ನಾಲ್ಕೂ ಬರ್ತವೆ. ಎಡ ಅರ್ಧಕ್ಕೆ ಅಂಟುವ ಜಾಗ, ಬಲ ಅರ್ಧಕ್ಕೆ ಎಂಆರ್‌ಎನ್‌ಎ. ಮೆದುಳು ಎರಡೂ ಕಡೆ ಒಂದೇ ಥರ ಇರೋದರಿಂದ ಹೋಲಿಸಿ ನೋಡೋಕೆ ಸಲೀಸು.

ಡೇಟಾಭೂತ

ಬಲ ಅರ್ಧದಲ್ಲಿ ವಿಪ್ಯಾಕ್-1ಕ್ಕೆ ಒಂದು ಬಣ್ಣ, ವಿಪ್ಯಾಕ್-2ಕ್ಕೆ ಇನ್ನೊಂದು. ಎಡ ಅರ್ಧ ಬೂದುಬಣ್ಣದಲ್ಲೇ ಇರಲಿ, ಅದು ಮೊತ್ತ ತಾನೆ. ಕೆಂಪು-ಹಸಿರು ಜೋಡಿ ಮಾತ್ರ ಬಳಸಬೇಡಿ, ಬಣ್ಣಗುರುಡು ಇರುವವರಿಗೆ ಎರಡೂ ಒಂದೇ ಕಾಣುತ್ತೆ. ನೀಲಿ-ಕಿತ್ತಳೆ ಇಡಿ.

ಗಡಿಯಾರಪ್ರಿಯ

ಎಸ್‌ಸಿಎನ್‌ಗೆ ಒಂದು ಚಿಕ್ಕ ಚೌಕ ಎಳೆದು ದೊಡ್ಡದು ಮಾಡಿ ಪಕ್ಕದಲ್ಲಿ ತೋರಿಸಿ. ಇಲ್ಲಾಂದ್ರೆ ಹಿಂದಿನ ಸಾಲಿನವರಿಗೆ ಅದು ಪ್ರೊಜೆಕ್ಟರ್ ಮೇಲಿನ ಧೂಳಿನ ಥರ ಕಾಣುತ್ತೆ.